ಉಬ್ಬಿನ ಅರ್ಜಿಗೆ ನಾನೇಕೆ ಸಹಿ ಹಾಕಲಿಲ್ಲ?

ಕಳೆದ ತಿಂಗಳು ನಮ್ಮ ಅಡ್ಡರಸ್ತೆಯ ನಾಲ್ಕೈದು ಮಂದಿ ಮಹನೀಯರು ಒಂದು ಅರ್ಜಿ ಹಿಡಿದು ನನ್ನ ಮನೆಗೆ ದಯಮಾಡಿಸಿದ್ದರು. ರಸ್ತೆಯಲ್ಲಿ ವಾಹನಗಳ ಓಟ ಮಿತಿಮೀರಿದೆ, ಆದಕಾರಣ ಮೂರು ಉಬ್ಬುಗಳನ್ನು ಹಾಕಿಸಿಕೊಡಬೇಕು ಎಂಬುದು ಅದರ ಸಾರಾಂಶ. ನಾನು ಸಹಿ ಹಾಕಲಿಲ್ಲ. ಅಂದಿನಿಂದ ಇಬ್ಬರು ನನ್ನೊಡನೆ ಮಾತು ಬಿಟ್ಟಿದ್ದಾರೆ. ನನ್ನ ವಾದವನ್ನು ಅವರು ಅಂದು ಕೇಳಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ರೋಗ ಸುಳ್ಳೆಂದು ನಾನು ಹೇಳುವುದಿಲ್ಲ. 1898ರ ಪ್ಲೇಗಿನ ಬಳಿಕ, ಜನ ಗಾಳಿ ಬೆಳಕಿನಲ್ಲಿ ಬಾಳಲೆಂದು ಕಟ್ಟಿದ ಬಡಾವಣೆ ನಮ್ಮ ಮಲ್ಲೇಶ್ವರ. ಇಲ್ಲಿಯ ಅಡ್ಡರಸ್ತೆಗಳು ಹುಟ್ಟಿದ್ದು ಮನೆ ಸೇರುವುದಕ್ಕೆ, ಊರು ದಾಟುವುದಕ್ಕಲ್ಲ. ಈಗ ಸಂಪಿಗೆ ರಸ್ತೆಯಲ್ಲಿ ವಾಹನಗಳು ಕಿಕ್ಕಿರಿದರೆ ಸಾಕು, ಜನರ ಕೈಯ ಫೋನು ನಮ್ಮ ಬೀದಿಯನ್ನು ತೋರಿಸಿ ‘ಇತ್ತ ಬನ್ನಿ’ ಎನ್ನುತ್ತದೆ. ಎದುರು ಮನೆಯ ಅಜ್ಜಿ ನಲವತ್ತು ವರ್ಷ ಬೀದಿಯಂಚಿನಲ್ಲಿ ರಂಗೋಲಿ ಇಟ್ಟವರು. ಒಂದು ಬೆಳಿಗ್ಗೆ ಸ್ಕೂಟರಿನ ಕನ್ನಡಿ ತಗುಲಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಈಗ ಗೇಟಿನ ಒಳಗೇ ನಾಲ್ಕು ಗೆರೆ ಎಳೆದು ಮುಗಿಸುತ್ತಾರೆ. “ಬೀದಿ ನಮ್ಮದಲ್ಲ ಬಿಡಪ್ಪ” ಎಂದರು.

ಆದರೆ ಉಬ್ಬಿನಿಂದ ಬೀದಿ ಅಜ್ಜಿಗೆ ಮರಳಿ ಬರುವುದೇ? ಉಬ್ಬಿಗೂ ಒಂದು ಶಾಸ್ತ್ರವುಂಟು. ಭಾರತೀಯ ರಸ್ತೆ ಕಾಂಗ್ರೆಸ್ಸಿನವರು 1988ರಲ್ಲಿ ಹೊರಡಿಸಿದ ನಿಯಮದಂತೆ ಅದು 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರವಿರಬೇಕು. ಗಂಟೆಗೆ 25 ಕಿಲೋಮೀಟರಿನಲ್ಲಿ ಬಂದವನು ಮೈ ನೋಯದೆ ದಾಟಬೇಕು. ನಮಗೆ ದೊರೆಯುವುದು ಯಾವುದು? ಇನ್ನೆಲ್ಲಿಯೋ ಮಿಕ್ಕ ಡಾಂಬರನ್ನು ರಾತ್ರೋರಾತ್ರಿ ಸುರಿದ ದಿಬ್ಬ. ಬಣ್ಣವಿಲ್ಲ, ಫಲಕವಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಹೊರಟ ಬಸುರಿ ಹೆಂಗಸು ಅಲ್ಲಿ ಹಲ್ಲು ಕಚ್ಚಿ ಕೂರಬೇಕು. ಮಳೆ ಬಂದರೆ ಅದರ ಹಿಂದೆ ಒಂದು ಪುಟ್ಟ ಕೆರೆ. ಯಾರನ್ನು ತಡೆಯಲು ಇಷ್ಟೆಲ್ಲ ಮಾಡಿದೆವೋ ಆ ಹುಡುಗ ಮೋರಿಯ ಪಕ್ಕದ ಸಂದಿನಲ್ಲಿ ನುಸುಳಿ ಹೋಗುತ್ತಾನೆ. ಕಾರಿನವನೋ, ಉಬ್ಬಿನಲ್ಲಿ ಕಳೆದ ಎರಡು ಕ್ಷಣಗಳನ್ನು ಬಡ್ಡಿಸಮೇತ ವಸೂಲು ಮಾಡಲು ಮುಂದಿನ ಉಬ್ಬಿನವರೆಗೆ ಹಾರುತ್ತಾನೆ.

ಫಲಕವನ್ನೂ ನಾನು ನಂಬೆ. ಕೇಂದ್ರ ಸರ್ಕಾರದ 2018ರ ಅಧಿಸೂಚನೆ ಪುರಸಭೆಯ ವ್ಯಾಪ್ತಿಯ ರಸ್ತೆಗಳಲ್ಲಿ ಕಾರಿಗೆ ಕೊಟ್ಟ ಗರಿಷ್ಠ ಮಿತಿ 70 ಕಿಲೋಮೀಟರು. ವೇಗ 30ರಿಂದ 60ಕ್ಕೆ ಏರಿದರೆ ಹೊಡೆತದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹೈಸ್ಕೂಲಿನ ಲೆಕ್ಕ ಇದು.

ನಮ್ಮ ಬೀದಿಯನ್ನು ಏಕಮುಖ ಮಾಡಿದ ದಿನವೇ ಕೆಲಸ ಕೆಟ್ಟಿತು. ಹಿಂದೆ ಎದುರಿನಿಂದ ಏನಾದರೂ ಬಂದೀತೆಂಬ ಭಯವಿತ್ತು. ಆ ಭಯವೇ ನಮ್ಮ ಕಾವಲುಗಾರ. ಅದನ್ನು ಮತ್ತೆ ಇಮ್ಮುಖ ಮಾಡಲಿ. ರಸ್ತೆಯ ಬಾಯಿಯನ್ನು ಕಿರಿದಾಗಿಸಿ, ಪಾದಚಾರಿ ಹಾದಿಯನ್ನು ಅದೇ ಎತ್ತರದಲ್ಲಿ ಅಡ್ಡಲಾಗಿ ಮುಂದುವರಿಸಲಿ. ಆಗ ಹತ್ತಿ ಇಳಿಯುವ ಕಷ್ಟ ವಾಹನದ್ದು, ನಡೆಯುವವನದ್ದಲ್ಲ. ಕಾರುಗಳನ್ನು ಒಂದಷ್ಟು ದೂರ ಎಡಕ್ಕೆ, ಒಂದಷ್ಟು ದೂರ ಬಲಕ್ಕೆ ನಿಲ್ಲಿಸಿದರೆ ನೇರ ಓಟ ತಾನೇ ಮುರಿಯುತ್ತದೆ. ಹಾಲೆಂಡಿನ ಡೆಲ್ಫ್ಟ್ ನಗರದವರು 1960ರ ದಶಕದ ಕೊನೆಯಲ್ಲಿಯೇ ಗಿಡ, ಬೆಂಚು, ತಿರುವುಗಳಿಂದ ಬೀದಿಯನ್ನು ಅಂಗಳ ಮಾಡಿಕೊಂಡರು. 1976ರಲ್ಲಿ ಆ ದೇಶದ ಕಾನೂನೇ ಅಂಥ ಬೀದಿಗಳನ್ನು ಮನ್ನಿಸಿತು. ಅವರಲ್ಲಿ ಹಣವಿತ್ತು ಎನ್ನಬೇಡಿ. ಗಿಡಕ್ಕೂ ಬೆಂಚಿಗೂ ಎಷ್ಟು ಹಣ ಬೇಕು?

ನಿಜವಾದ ಅಡ್ಡಿ ಬೇರೆಯೇ. ಅರ್ಜಿ ತಂದವರಲ್ಲಿ ಇಬ್ಬರ ಕಾರು ದಿನವೂ ನಿಲ್ಲುವುದು ಪಾದಚಾರಿ ಹಾದಿಯ ಮೇಲೆ. ನಾನೇನು ಸಾಚಾ ಅಲ್ಲ. ಹೊತ್ತಾದ ದಿನ ರಾಜಾಜಿನಗರದ ಯಾವುದೋ ಅಡ್ಡರಸ್ತೆಯಲ್ಲಿ ನನ್ನ ಸ್ಕೂಟರೂ ಹಾರಿದೆ. ಅಲ್ಲಿಯೂ ಯಾರೋ ರಂಗೋಲಿ ಇಡುತ್ತಿದ್ದಿರಬೇಕು. ನಮಗೆಲ್ಲ ಬೇಕಾದದ್ದು ನಮ್ಮ ಬಾಗಿಲಿಗೆ ಉಬ್ಬು, ಪರರ ಬಾಗಿಲಿಗೆ ಹೆದ್ದಾರಿ.

ಮೇಲಿನದನ್ನೆಲ್ಲ ಸೇರಿಸಿ ನಾನೇ ಬೇರೊಂದು ಅರ್ಜಿ ಬರೆದೆ. ಮಹನೀಯರು ಓದುತ್ತ ಹೋಗಿ, ಪಾದಚಾರಿ ಹಾದಿಯಿಂದ ಕಾರುಗಳನ್ನು ಇಳಿಸಬೇಕೆಂಬ ಸಾಲಿಗೆ ಬಂದೊಡನೆ “ನೋಡೋಣ ಸ್ವಾಮಿ, ಅವಸರವೇನು?” ಎಂದು ಕಾಗದವನ್ನು ಹಿಂದಿರುಗಿಸಿದರು. ಇದುವರೆಗೆ ಅದರಲ್ಲಿ ಎರಡೇ ಸಹಿಗಳಿವೆ: ನನ್ನದು, ಎದುರು ಮನೆಯ ಅಜ್ಜಿಯದು.