ಬಾಗಿಲು ತೆರೆದಿದೆ, ಹಲಗೆ ಹಳತಾಗಿದೆ

ಪೇಟೆಬೀದಿಯ ಅಂಗಡಿ ಬೆಳಗ್ಗೆ ಬಾಗಿಲು ತೆರೆಯುವುದಕ್ಕೆ ಒಂದು ಕ್ರಮವುಂಟು. ಕಸ ಗುಡಿಸಿ, ಹೊಸ್ತಿಲಿಗೆ ನೀರು ಚಿಮುಕಿಸಿ, ಲಕ್ಷ್ಮಿಯ ಪಟಕ್ಕೆ ಹೂವೇರಿಸಿ, ಊದಿನಕಡ್ಡಿ ಬೆಳಗಿದ ಮೇಲೆಯೇ ಗಲ್ಲಾಪೆಟ್ಟಿಗೆಯ ಕೀಲಿ ತಿರುಗುವುದು. ನಿನ್ನೆಯ ಬಾಡಿದ ಹೂವು ಇಂದೂ ಪಟದ ಮೇಲೆ ಉಳಿಯುವುದನ್ನು ಯಾವ ವರ್ತಕನೂ ಸಹಿಸನು. ಆದರೆ ಅದೇ ವರ್ತಕನ ಅಂಗಡಿಗೆ ಈಗ ಇನ್ನೊಂದು ಬಾಗಿಲಿದೆ. ಅದು ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುವ ಬಾಗಿಲು. ಅದರ ಹೆಸರು ಜಾಲತಾಣ. ಹಣ ಸುರಿದು ಅದನ್ನು ಕಟ್ಟಿಸಿದ ಮೇಲೆ ಅದರ ಕಡೆಗೆ ತಿರುಗಿಯೂ ನೋಡದವರು ಅನೇಕರು. ಮೂರು ವರ್ಷದ ಹಿಂದಿನ ದೀಪಾವಳಿಯ ರಿಯಾಯಿತಿ ಅಲ್ಲಿ ಇನ್ನೂ ಜ್ವಲಿಸುತ್ತಿರುತ್ತದೆ. ಬದಲಾದ ದೂರವಾಣಿಯ ಸಂಖ್ಯೆ ಬದಲಾಗದೆ ಕುಳಿತಿರುತ್ತದೆ. ಬಿಟ್ಟುಹೋದ ಸರಕಿನ ಚಿತ್ರ ಗಿರಾಕಿಯನ್ನು ನೋಡಿ ನಗುತ್ತಿರುತ್ತದೆ.

ಮಗಳ ಮದುವೆಯ ಸೀರೆಗೆಂದು ಹೊರಟ ಸಂಸಾರವೊಂದು ಜಾಲತಾಣದಲ್ಲಿ ವೇಳೆ ನೋಡಿಕೊಂಡು, ಎರಡು ಬಸ್ಸು ಬದಲಿಸಿ, ಮಟಮಟ ಮಧ್ಯಾಹ್ನ ಅಂಗಡಿಯ ಮುಂದೆ ಬಂದು ನಿಂತರೆ ಬೀಗ ಕಾಣಿಸುತ್ತದೆ. ವಾರದ ರಜೆಯ ದಿನ ಬದಲಾದ ಸಂಗತಿ ಜಾಲತಾಣಕ್ಕೆ ತಿಳಿದಿಲ್ಲ. ಸಂಸಾರ ಹಾಗೆಯೇ ಎದುರಿನ ಅಂಗಡಿಯ ಮೆಟ್ಟಿಲೇರುತ್ತದೆ. ನಷ್ಟವಾದದ್ದು ಒಂದು ಸೀರೆಯ ವ್ಯಾಪಾರವಷ್ಟೇ ಅಲ್ಲ, ಒಂದು ಮನೆತನದ ವಿಶ್ವಾಸ. ಅದು ಯಾವಾಗ ಕೈಬಿಟ್ಟುಹೋಯಿತೆಂಬುದು ವರ್ತಕನಿಗೆ ತಿಳಿಯುವುದೂ ಇಲ್ಲ.

ಹೀಗೆ ವ್ಯಾಪಾರ ಕುಂದಿದಾಗ ಸಲಹೆಗಾರರು ಬರುತ್ತಾರೆ. “ತಾಣಕ್ಕೆ ದಿನಕ್ಕೊಂದು ಹೊಸ ಲೇಖನ ಹಾಕಿಸಿ, ಗೂಗಲಿನಲ್ಲಿ ಹೆಸರು ತಾನಾಗಿ ಮೇಲಕ್ಕೇರುತ್ತದೆ” ಎಂಬುದು ಅವರ ಮಂತ್ರ. ಈ ಮಂತ್ರದಲ್ಲಿ ಸತ್ಯವೆಷ್ಟು, ಮಿಥ್ಯೆಯೆಷ್ಟು ಎಂಬುದನ್ನು ವಿಚಾರಿಸಿ ನೋಡುವುದು ಹಣ ತೆರುವ ಮೊದಲು ಒಳ್ಳೆಯದು.

ಜೇಡನ ಸಂಚಾರ

1991ರಲ್ಲಿ ಟಿಮ್ ಬರ್ನರ್ಸ್-ಲೀ ಅವರು ಜಗತ್ತಿನ ಮೊದಲನೆಯ ಜಾಲತಾಣವನ್ನು ಸಾರ್ವಜನಿಕರಿಗೆ ತೆರೆದಾಗ ಹುಡುಕುವ ಪ್ರಶ್ನೆಯೇ ಇರಲಿಲ್ಲ. ಇದ್ದ ಒಂದೇ ಮನೆಗೆ ವಿಳಾಸವೇತಕ್ಕೆ? ಕೆಲವೇ ವರ್ಷಗಳಲ್ಲಿ ಮನೆಗಳು ಲಕ್ಷಗಟ್ಟಲೆಯಾದವು. ಆಗ ಶೋಧಯಂತ್ರಗಳು ಹುಟ್ಟಿದವು. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಎಂಬ ಇಬ್ಬರು ತರುಣರು ಸ್ಥಾಪಿಸಿದ ಗೂಗಲ್ ಇವುಗಳ ಪೈಕಿ ಅಗ್ರಸ್ಥಾನಕ್ಕೇರಿತು.

ಶೋಧಯಂತ್ರದ ಕೆಲಸ ಮೂರು ಬಗೆಯದು. ಮೊದಲನೆಯದು ಸಂಚಾರ. ‘ಜೇಡ’ವೆಂದು ಅಡ್ಡಹೆಸರು ಪಡೆದ ಗಣಕದ ಕಾರ್ಯಕ್ರಮವೊಂದು ಒಂದು ಪುಟದಿಂದ ಇನ್ನೊಂದಕ್ಕೆ ಎಳೆ ಹಿಡಿದು ಹರಿದಾಡಿ, ಕಂಡದ್ದನ್ನೆಲ್ಲ ಓದಿಕೊಂಡು ಬರುತ್ತದೆ. ಎರಡನೆಯದು ಸೂಚಿಯ ರಚನೆ. ಗ್ರಂಥದ ಕೊನೆಯಲ್ಲಿ ಯಾವ ಪದ ಯಾವ ಪುಟದಲ್ಲಿದೆಯೆಂದು ತೋರಿಸುವ ಪದಸೂಚಿಯಿರುವಂತೆ, ಸಮಸ್ತ ಜಾಲಕ್ಕೂ ಯಂತ್ರವು ಒಂದು ಪದಸೂಚಿಯನ್ನು ಸಿದ್ಧಪಡಿಸಿ ಇಟ್ಟುಕೊಳ್ಳುತ್ತದೆ. ಮೂರನೆಯದು ಸ್ಥಾನನಿರ್ಣಯ. ಯಾರಾದರೂ ಪ್ರಶ್ನೆ ಕೇಳಿದೊಡನೆ ಸೂಚಿಯಲ್ಲಿ ಸಿಕ್ಕ ಪುಟಗಳಲ್ಲಿ ಯಾವುದು ಮೊದಲು, ಯಾವುದು ಅನಂತರ ಎಂದು ತೀರ್ಮಾನಿಸುವುದು.

ಪದೇ ಪದೇ ಬದಲಾಗುವ ಪುಟಕ್ಕೆ ಜೇಡ ಪದೇ ಪದೇ ಬರುತ್ತದೆ. ಎಂದೂ ಬದಲಾಗದ ಪುಟಕ್ಕೆ ಅಪರೂಪಕ್ಕೊಮ್ಮೆ ಬರುತ್ತದೆ. ಇದು ನಿಜ. ಆದರೆ ಟಪಾಲಿನವನು ದಿನವೂ ಮನೆಗೆ ಬಂದಮಾತ್ರಕ್ಕೆ ಮನೆಯವರ ಘನತೆ ಹೆಚ್ಚಿತೆಂದು ಹೇಳಲಾದೀತೆ? ಜೇಡ ಬರುವುದು ಬೇರೆ, ಮೇಲಿನ ಸ್ಥಾನ ದೊರೆಯುವುದು ಬೇರೆ. ಸಲಹೆಗಾರರ ಮಂತ್ರ ಮೊದಲು ಎಡವುವುದು ಇಲ್ಲಿ.

ಹೊಸತು ಎಲ್ಲಿ ಬೇಕು?

ಮಂತ್ರಕ್ಕೆ ಆಧಾರವೇ ಇಲ್ಲವೆಂದಲ್ಲ. ಹಿಂದೆ ಗೂಗಲಿನ ಪದಸೂಚಿಯ ಮುಖ್ಯ ಪದರ ಒಂದೆರಡು ವಾರಗಳಿಗೊಮ್ಮೆ ಮಾತ್ರ ಹೊಸದಾಗುತ್ತಿತ್ತು. 2010ರಲ್ಲಿ ‘ಕೆಫೀನ್’ ಎಂಬ ಹೆಸರಿನ ಹೊಸ ಏರ್ಪಾಡು ಬಂದ ಮೇಲೆ ಬಿಡಿಬಿಡಿಯಾಗಿ, ಎಡೆಬಿಡದೆ ಸೂಚಿ ಪರಿಷ್ಕಾರವಾಗತೊಡಗಿತು. 2011ರ ನವೆಂಬರಿನಲ್ಲಿ ಇನ್ನೊಂದು ಮಾರ್ಪಾಟು ನಡೆಯಿತು. ತಾಜಾತನಕ್ಕೆ ಹೆಚ್ಚಿನ ಬೆಲೆ ಕೊಡುವ ಈ ಮಾರ್ಪಾಟು ನೂರಕ್ಕೆ ಸುಮಾರು 35 ಶೋಧಗಳ ಮೇಲೆ ಪ್ರಭಾವ ಬೀರುವುದೆಂದು ಗೂಗಲ್ ತಾನೇ ಪ್ರಕಟಿಸಿತು.

ಈ ಸುದ್ದಿಯನ್ನು ಅರ್ಧ ಕೇಳಿದವರು, ಹೊಸದೆಲ್ಲ ಮೇಲಕ್ಕೇರುವುದೆಂದು ತಿಳಿದರು. ನಿಜಸ್ಥಿತಿ ಹಾಗಿಲ್ಲ. ತಾಜಾತನದ ಬೆಲೆ ಪ್ರಶ್ನೆಯನ್ನು ಅವಲಂಬಿಸಿದೆ. ಚುನಾವಣೆಯ ಫಲಿತಾಂಶ, ಕ್ರಿಕೆಟ್ ಪಂದ್ಯದ ಓಟಗಳು, ಈ ವರ್ಷದ ಶಾಲಾ ಪ್ರವೇಶದ ದಿನಾಂಕ, ಇಂದಿನ ಚಿನ್ನದ ಧಾರಣೆ: ಇವುಗಳಿಗೆ ನಿನ್ನೆಯ ಉತ್ತರ ಇಂದು ಸಲ್ಲದು. ಆದರೆ ಮೈಸೂರುಪಾಕಿನ ಎಳೆಪಾಕ ಎಷ್ಟಿರಬೇಕು, ರೇಷ್ಮೆಸೀರೆಯ ಎಣ್ಣೆಯ ಕಲೆಯನ್ನು ತೆಗೆಯುವುದು ಹೇಗೆ ಎಂಬ ಪ್ರಶ್ನೆಗಳಿಗೆ ಹತ್ತು ವರ್ಷದ ಹಿಂದೆ ಬರೆದ ಒಳ್ಳೆಯ ಉತ್ತರ ಇಂದೂ ಒಳ್ಳೆಯ ಉತ್ತರವೇ. ಹಾಲು ಹೊಸದಿರಬೇಕು, ಉಪ್ಪಿನಕಾಯಿಗೆ ಆ ನಿರ್ಬಂಧವಿಲ್ಲ.

ತೂಕಕ್ಕೆ ಮಾರಿದ ಬರಹ

ಅರ್ಧಸತ್ಯದಿಂದ ಒಂದು ದಂಧೆಯೇ ಬೆಳೆಯಿತು. ತೂಕದ ಲೆಕ್ಕದಲ್ಲಿ ಲೇಖನಗಳು ಮಾರಾಟವಾದವು. ಯಾರೂ ಕೇಳದ ಪ್ರಶ್ನೆಗೆ ಯಾರಿಗೂ ಬೇಡವಾದ ಉತ್ತರವನ್ನು ರಾಶಿ ಹಾಕುವ ತಾಣಗಳು ನಾಯಿಕೊಡೆಗಳಂತೆ ಎದ್ದವು. 2011ರ ಫೆಬ್ರವರಿಯಲ್ಲಿ ‘ಪಾಂಡಾ’ ಎಂಬ ಪರಿಷ್ಕರಣೆಯ ಮೂಲಕ ಗೂಗಲ್ ಇಂಥ ತಾಣಗಳನ್ನು ಕೆಳಕ್ಕೆ ನೂಕಿತು; ಅಮೆರಿಕದ ಶೋಧಗಳಲ್ಲಿ ನೂರಕ್ಕೆ ಸುಮಾರು 12ರ ಫಲಿತಾಂಶ ಅಂದು ಬದಲಾಯಿತು. 2022ರ ಆಗಸ್ಟಿನಲ್ಲಿ, ಓದುವವನಿಗಾಗಿ ಅಲ್ಲದೆ ಯಂತ್ರವನ್ನು ಮೆಚ್ಚಿಸಲು ಬರೆದ ಪುಟಗಳನ್ನು ಗುರುತಿಸುವ ಮತ್ತೊಂದು ಏರ್ಪಾಡು ಬಂದಿತು. 2024ರ ಮಾರ್ಚಿನ ನಿಯಮವಂತೂ ಇನ್ನೂ ಖಂಡಿತವಾದುದು. ಸ್ಥಾನಕ್ಕಾಗಿಯೇ ರಾಶಿರಾಶಿಯಾಗಿ ತಯಾರಿಸಿದ ಹುರುಳಿಲ್ಲದ ಬರಹ, ಮನುಷ್ಯ ಬರೆದದ್ದಾಗಲಿ ಯಂತ್ರ ಬರೆದದ್ದಾಗಲಿ, ವಂಚನೆಯೆಂದೇ ಪರಿಗಣಿತವಾಗುತ್ತದೆ.

ಇನ್ನು ಕೆಲವರ ಉಪಾಯ ಇದಕ್ಕಿಂತಲೂ ಸುಲಭದ್ದು. ಒಳಗಿನ ಒಂದಕ್ಷರವನ್ನೂ ಮುಟ್ಟದೆ ಪುಟದ ತಾರೀಖನ್ನು ಮಾತ್ರ ತಿದ್ದುವುದು! ಹಳೆಯ ಬಿಸ್ಕತ್ತಿನ ಪೊಟ್ಟಣಕ್ಕೆ ಹೊಸ ಚೀಟಿ ಅಂಟಿಸುವ ಈ ವಿದ್ಯೆಯನ್ನು ಗೂಗಲ್ ತನ್ನ ಮಾರ್ಗದರ್ಶಿಯಲ್ಲಿ ಹೆಸರಿಸಿಯೇ ತಿರಸ್ಕರಿಸಿದೆ. ತಾಣ ಹೊಸದೆಂದು ತೋರಲೆಂದು ಬಹಳಷ್ಟು ಪುಟಗಳನ್ನು ಸೇರಿಸುವುದರಿಂದಾಗಲಿ, ಹಳೆಯ ಪುಟಗಳನ್ನು ಕಿತ್ತುಹಾಕುವುದರಿಂದಾಗಲಿ ಸ್ಥಾನ ಏರುವುದಿಲ್ಲವೆಂಬುದನ್ನೂ ಅಲ್ಲಿ ಸ್ಪಷ್ಟಪಡಿಸಿದೆ. ಆದರೂ 2023ರಲ್ಲಿ ಸಿನೆಟ್ ಎಂಬ ಅಮೆರಿಕದ ಹೆಸರಾಂತ ತಾಣ, ಶೋಧದಲ್ಲಿ ಮೇಲೇರುವ ಆಸೆಯಿಂದ ತನ್ನ ಸಾವಿರಾರು ಹಳೆಯ ಲೇಖನಗಳನ್ನು ತೆಗೆದುಹಾಕಿತೆಂಬ ಸುದ್ದಿ ಪ್ರಕಟವಾಯಿತು. ದೊಡ್ಡವರೂ ಮರುಳಾಗುವ ಮಂತ್ರವಿದು.

ಊಟದ ಮೇಜಿನ ಮೇಲೆ ಉಳಿದ ವ್ಯಾಪಾರ

ಹಾಗಾದರೆ ಬರೆದು ಉದ್ಧಾರವಾದವರೇ ಇಲ್ಲವೆ? ಇದ್ದಾರೆ. ಅಮೆರಿಕದ ವರ್ಜೀನಿಯಾ ಪ್ರಾಂತದಲ್ಲಿ ಮಾರ್ಕಸ್ ಶೆರಿಡನ್ ಎಂಬುವರು ಇಬ್ಬರು ಮಿತ್ರರೊಡನೆ ಮನೆಯಂಗಳದ ಈಜುಕೊಳಗಳನ್ನು ಹಾಕಿಕೊಡುವ ಉದ್ಯಮ ನಡೆಸುತ್ತಿದ್ದರು. 2001ರಲ್ಲಿ ತೊಡಗಿದ ಈ ಉದ್ಯಮ ಜಾಹೀರಾತಿಗೇ ವರ್ಷಕ್ಕೆ ಸುಮಾರು ಎರಡೂವರೆ ಲಕ್ಷ ಡಾಲರು ವೆಚ್ಚ ಮಾಡುತ್ತಿತ್ತು. 2008ರಲ್ಲಿ ಅಲ್ಲಿಯ ಹಣದ ಪೇಟೆ ಕುಸಿಯಿತು. ಇದ್ದ ಮನೆಯೇ ಕೈತಪ್ಪುವ ಕಾಲದಲ್ಲಿ ಈಜುಕೊಳ ಯಾರಿಗೆ ಬೇಕು? ಮುಂಗಡ ಕೊಟ್ಟಿದ್ದವರು ಹಿಂದಕ್ಕೆ ಕೇಳಿದರು. 2009ರ ಆರಂಭಕ್ಕೆ ಬ್ಯಾಂಕಿನ ಖಾತೆಯಲ್ಲಿ ಇದ್ದುದಕ್ಕಿಂತ ತೆಗೆದದ್ದೇ ಹೆಚ್ಚಾಗಿ, ಪಾಲುದಾರರ ಮನೆಗಳೂ ಕೆಲಸಗಾರರ ಸಂಬಳವೂ ಒಂದೇ ದಾರದಲ್ಲಿ ತೂಗಾಡುವ ಸ್ಥಿತಿ ಒದಗಿತು.

ಜಾಹೀರಾತಿಗೆ ಹಣವಿಲ್ಲದ ಶೆರಿಡನ್ ಅವರು ರಾತ್ರಿ ಊಟದ ಮೇಜಿನ ಮುಂದೆ ಕುಳಿತು, ಅದುವರೆಗೆ ಗಿರಾಕಿಗಳು ತಮ್ಮನ್ನು ಕೇಳಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ನೆನೆದು ತಾಣದಲ್ಲಿ ಉತ್ತರ ಬರೆಯತೊಡಗಿದರು. ಕೊಳಕ್ಕೆ ಖರ್ಚೆಷ್ಟು ಬೀಳುತ್ತದೆ? ಫೈಬರ್‌ಗ್ಲಾಸಿನ ಕೊಳದ ದೋಷಗಳೇನು? ಕಾಂಕ್ರೀಟಿನದು ಮೇಲೋ, ಇದು ಮೇಲೋ? ಬೆಲೆಯನ್ನು ಬಾಯಿಬಿಟ್ಟರೆ ಎದುರಾಳಿಗೆ ಗುಟ್ಟು ತಿಳಿದೀತೆಂದು ಆ ವ್ಯಾಪಾರದವರು ಸಾಮಾನ್ಯವಾಗಿ ನುಂಗಿಕೊಳ್ಳುತ್ತಿದ್ದ ಪ್ರಶ್ನೆಗಳು ಇವು. ಶೆರಿಡನ್ ಅವರು ಖರ್ಚು ಯಾವ ಯಾವ ಕಾರಣಕ್ಕೆ ಏರುತ್ತದೆ, ಎಲ್ಲಿಂದ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಬಿಡಿಸಿ ಹೇಳಿದರು. ತಾವು ಮಾರುವ ಸರಕಿನ ದೋಷವನ್ನೂ ಮುಚ್ಚಿಡಲಿಲ್ಲ.

ಫಲ ನಿಧಾನವಾಗಿ ಬಂದರೂ ನಿಶ್ಚಯವಾಗಿ ಬಂದಿತು. ಬೆಲೆಯನ್ನು ಹುಡುಕಿದವರಿಗೆ ಅವರ ಪುಟವೇ ಮೊದಲು ಕಾಣತೊಡಗಿತು. ಆ ಒಂದು ಲೇಖನದಿಂದ ಕನಿಷ್ಠ 17 ಲಕ್ಷ ಡಾಲರಿನ ವ್ಯಾಪಾರವಾಯಿತೆಂದು 2013ರಲ್ಲಿ ಅವರು ಲೆಕ್ಕ ಕೊಟ್ಟರು. ಜಾಹೀರಾತಿನ ವೆಚ್ಚ ಬಹುವಾಗಿ ಇಳಿಯಿತು, ಉದ್ಯಮ ಉಳಿಯಿತು. ತಾಣದ 30 ಪುಟಗಳನ್ನು ಓದಿ ಬಂದ ಗಿರಾಕಿಗಳಲ್ಲಿ ನೂರಕ್ಕೆ 80 ಮಂದಿ ಕೊಳವನ್ನು ಕೊಂಡೇ ಹೋಗುವರೆಂಬುದು ಅವರು ಕಂಡುಕೊಂಡ ಮತ್ತೊಂದು ಸಂಗತಿ.

ಇಲ್ಲಿ ಗಮನಿಸಬೇಕಾದುದು ಒಂದುಂಟು. ಶೆರಿಡನ್ ಅವರನ್ನು ಕಾಪಾಡಿದ್ದು ಬರಹದ ಹೊಸತನವಲ್ಲ, ಪ್ರಶ್ನೆಯ ನಿಜತನ. ಅವರು ಯಂತ್ರ ಏನನ್ನು ಬಯಸುತ್ತದೆಯೆಂದು ಕೇಳಲಿಲ್ಲ. ಅಂಗಡಿಗೆ ಬಂದವನು ಏನನ್ನು ಕೇಳುತ್ತಾನೆಂದು ನೆನೆದರು.

ಮಾಡಬೇಕಾದುದು

ಸಣ್ಣ ವ್ಯಾಪಾರಸ್ಥನಿಗೆ ಇದರಿಂದ ದೊರೆಯುವ ಪಾಠ ಕಷ್ಟದ್ದಲ್ಲ, ಹೆಚ್ಚು ಹಣದ್ದೂ ಅಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಸಣ್ಣ ಪುಸ್ತಕವಿರಲಿ. ಗಿರಾಕಿಗಳು ಕೇಳಿದ ಪ್ರಶ್ನೆಯನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಲಿ. ಒಂದೇ ಪ್ರಶ್ನೆ ಮೂರು ಸಲ ಬಂದರೆ ಅದಕ್ಕೆ ತಾಣದಲ್ಲಿ ಒಂದು ಪುಟ ಸಲ್ಲಬೇಕು. ತಿಂಗಳಿಗೆ ಇಂಥದೊಂದು ಪುಟ ಸೇರಿದರೂ ಸಾಕು; ದಿನಕ್ಕೊಂದು ಪೊಳ್ಳು ಲೇಖನಕ್ಕಿಂತ ಅದು ಮೇಲು.

ಹೊಸದನ್ನು ಬರೆಯುವ ಮೊದಲು ಹಳೆಯದನ್ನು ತಿದ್ದಬೇಕು. ವಿಳಾಸ, ದೂರವಾಣಿ, ಬಾಗಿಲು ತೆರೆಯುವ ವೇಳೆ, ವಾರದ ರಜೆ, ಹಬ್ಬದ ರಜೆ, ಬೆಲೆ ಇವುಗಳನ್ನು ತಿಂಗಳಿಗೊಮ್ಮೆ ಪರಕೀಯನ ಕಣ್ಣಿನಿಂದ ಓದಿ ನೋಡಬೇಕು. ಗೂಗಲ್ ನಕ್ಷೆಯಲ್ಲಿ ಅಂಗಡಿಯ ಹೆಸರಿನ ಕೆಳಗೆ ಕಾಣುವ ವಿವರವೂ ತಾಣದ ವಿವರವೂ ಒಂದಕ್ಕೊಂದು ಹೊಂದಿಕೊಂಡಿರಬೇಕು. 2024ರ ಆಗಸ್ಟಿನಿಂದ ಭಾರತದಲ್ಲಿಯೂ ಗೂಗಲ್ ಅನೇಕ ಪ್ರಶ್ನೆಗಳಿಗೆ ತಾಣಗಳಲ್ಲಿ ಓದಿದ್ದನ್ನು ಕ್ರೋಡೀಕರಿಸಿ ತಾನೇ ಉತ್ತರ ಬರೆದು ತೋರಿಸತೊಡಗಿದೆ. ಆದುದರಿಂದ ತಾಣದಲ್ಲಿ ಉಳಿದ ಒಂದು ತಪ್ಪು ಈಗ ತಾಣದಲ್ಲಿಯೇ ಕುಳಿತಿರುವುದಿಲ್ಲ. ಇನ್ನೊಬ್ಬರ ಬಾಯಿಂದ ಊರೆಲ್ಲ ಸುತ್ತೀತು.

ಪುಟವನ್ನು ನಿಜವಾಗಿಯೂ ತಿದ್ದಿದಾಗ ಮಾತ್ರ ತಾರೀಖು ಬದಲಾಗಲಿ. ತಾಣದ ಪುಟಗಳ ಪಟ್ಟಿಯನ್ನು ಯಂತ್ರಕ್ಕೆ ಒಪ್ಪಿಸುವಾಗ ಪ್ರತಿಯೊಂದು ಪುಟವನ್ನೂ ಕೊನೆಗೆ ತಿದ್ದಿದ ದಿನಾಂಕ ತಿಳಿಸುವ ಅನುಕೂಲವುಂಟು. ಆ ದಿನಾಂಕಗಳು ಸದಾ ಸತ್ಯವಾಗಿದ್ದರೆ ಮಾತ್ರ ಗೂಗಲ್ ಅವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಒಮ್ಮೆ ಸುಳ್ಳಾಡಿದವನ ಮಾತಿಗೆ ಬೆಲೆ ಇಳಿಯುವುದು ಯಂತ್ರಲೋಕದಲ್ಲಿಯೂ ಉಂಟೆಂದಾಯಿತು.

ಕನ್ನಡದ ಗಿರಾಕಿಗಳನ್ನು ನೆಚ್ಚಿದವರು ಇನ್ನೊಂದು ಮಾತನ್ನು ನೆನಪಿಡಬೇಕು. ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡದ ತಾಣಗಳು ತಮ್ಮ ತಮ್ಮದೇ ಅಕ್ಷರವಿನ್ಯಾಸಗಳಲ್ಲಿ ಪ್ರಕಟವಾಗುತ್ತಿದ್ದವು. ಕಣ್ಣಿಗೆ ಕನ್ನಡವಾಗಿ ಕಂಡದ್ದು ಶೋಧಯಂತ್ರಕ್ಕೆ ಅರ್ಥಹೀನ ರೋಮನ್ ಅಕ್ಷರಗಳ ಗೋಜಲು. ಆ ತೊಡಕು ಕಳೆದು ಎಷ್ಟೋ ವರ್ಷಗಳಾದರೂ ಬೆಲೆಪಟ್ಟಿಯನ್ನೂ ಕರಪತ್ರವನ್ನೂ ಚಿತ್ರ ತೆಗೆದು ಅಂಟಿಸುವ ರೂಢಿ ಉಳಿದಿದೆ. ಚಿತ್ರದೊಳಗಿನ ಅಕ್ಷರವನ್ನು ಯಂತ್ರ ಓದಿಯೇ ಓದುವುದೆಂದು ನೆಚ್ಚುವಂತಿಲ್ಲ. ಹೇಳಬೇಕಾದುದನ್ನು ಅಕ್ಷರವಾಗಿಯೇ ಬರೆದರೆ, ಕನ್ನಡದಲ್ಲಿ ಕೇಳಿದವನಿಗೆ ಕನ್ನಡದಲ್ಲಿಯೇ ಉತ್ತರ ದೊರೆತೀತು.

ದೀಪಾವಳಿಯಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಸಲ್ಲಿಸುವ ಪದ್ಧತಿ ಅನೇಕ ವರ್ತಕರ ಮನೆಗಳಲ್ಲಿ ಇಂದಿಗೂ ಇದೆ. ಪುಸ್ತಕ ಹೊಸದಾಯಿತೆಂದು ಹಳೆಯ ಬಾಕಿಯನ್ನು ಅಳಿಸುವವರಿಲ್ಲ. ಇಲ್ಲದ ಜಮೆಯನ್ನು ಬರೆದುಕೊಳ್ಳುವವರೂ ಇಲ್ಲ. ಉಳಿದದ್ದನ್ನು ಸರಿಯಾಗಿ ಕೂಡಿಸಿ, ತೀರಿದ್ದನ್ನು ತೆಗೆದು, ಹೊಸ ಪುಟಕ್ಕೆ ಎತ್ತಿ ಬರೆಯುತ್ತಾರೆ. ಜಾಲತಾಣವನ್ನು ಹೊಸದಾಗಿ ಇಟ್ಟುಕೊಳ್ಳುವುದೆಂದರೆ ಅಷ್ಟೇ. ಸೀರೆಗೆಂದು ಎರಡು ಬಸ್ಸು ಬದಲಿಸಿ ಬರುವ ಸಂಸಾರಕ್ಕೆ ಬೇಕಾದದ್ದು ದಿನಕ್ಕೊಂದು ಲೇಖನವಲ್ಲ. ತೆರೆದಿದೆಯೆಂದು ಬರೆದಿರುವ ಹೊತ್ತಿನಲ್ಲಿ ಅಂಗಡಿ ತೆರೆದಿದ್ದರೆ ಅದಕ್ಕೆ ಸಾಕು.