ಕುಳಿತಲ್ಲಿಯೇ ಮೋಟಾರು ಓಟ

ಬೇಸಗೆಯ ನಡುಹಗಲಿನಲ್ಲಿ ಹೊಸಪೇಟೆಯ ಬೀದಿಗಳಲ್ಲಿ ನಾಯಿಯೂ ತಿರುಗುವುದಿಲ್ಲ. ಅಂಥ ಹೊತ್ತಿನಲ್ಲಿ ಊರಿನ ಒಂದು ಮನೆಯ ನಡುಮನೆಯಲ್ಲಿ ಮಾತ್ರ ಗಂಟೆಗೆ ಇನ್ನೂರು ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಕಾರುಗಳು ಓಡುತ್ತಿರುತ್ತವೆ. ಊಟದ ಮೇಜಿಗೆ ಬಿಗಿದ ಒಂದು ಸ್ಟೇರಿಂಗು, ಪಕ್ಕದಲ್ಲಿ ಗೇರಿನ ಕೋಲು, ಕೆಳಗೆ ಮೂರು ಪೆಡಲು, ಎದುರಿಗೆ ಕಂಪ್ಯೂಟರಿನ ಪರದೆ. ಸ್ಟೇರಿಂಗಿನ ಹಿಂದೆ, ಕಾಲೇಜಿನ ರಜೆಗೆಂದು ಊರಿಗೆ ಬಂದ ಮಗ. ಗೋಡೆಗೆ ಒರಗಿಸಿದ ಮಂಚದ ಮೇಲೆ ತಂದೆ. ಕಣ್ಣು ಮುಚ್ಚಿದ್ದರೂ ಅವರಿಗೆ ನಿದ್ರೆ ಬಂದಿರುವುದಿಲ್ಲ. ಸಂಡೂರಿನ ಗುಡ್ಡಗಳಿಂದ ಇಪ್ಪತ್ತೈದು ವರ್ಷ ಅದಿರಿನ ಲಾರಿ ಓಡಿಸಿದವರು ಅವರು. 2011ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದಾಗ ಸಾಲುಗಟ್ಟಿ ನಿಂತ ಲಾರಿಗಳಲ್ಲಿ ಅವರದೂ ಒಂದು. ಮುಂದೆ ಗಣಿಗಳು ತೆರೆದವು. ಅವರು ಮರಳಿ ಲಾರಿ ಹತ್ತಲಿಲ್ಲ.

ಮಗನಿಗೆ ಹೋದ ತಿಂಗಳಷ್ಟೇ ಲೈಸೆನ್ಸು ದೊರೆತಿದೆ. ಮನೆಯ ಹಳೆಯ ಕಾರನ್ನು ತೆಗೆದುಕೊಂಡು ಗೆಳೆಯರೊಡನೆ ಸಂಡೂರಿಗೆ ಹೋಗಿಬರಬೇಕೆಂಬುದು ಅವನ ಬಯಕೆ. ತಂದೆ ಆಗಲಿ ಎಂದಿಲ್ಲ, ಬೇಡವೆಂದೂ ಅಂದಿಲ್ಲ.

ಆಟದ ಹೆಸರು ಅಸೆಟ್ಟೊ ಕೊರ್ಸಾ. ಇಟಲಿಯ ಕುನೋಸ್ ಎಂಬ ಸಂಸ್ಥೆ 2014ರಲ್ಲಿ ಹೊರತಂದದ್ದು. ಓಟಕ್ಕೆ ಹದಗೊಳಿಸಿದ ಕಾರಿನ ಅಣಿ ಎಂದು ಆ ಇಟಲಿಯ ಮಾತಿನ ಅರ್ಥ. ಇದನ್ನು ಆಟವೆಂದು ಕರೆಯುವುದಕ್ಕೆ ತುಸು ಸಂಕೋಚವೇ ಆಗುತ್ತದೆ. ಜರ್ಮನಿಯಲ್ಲಿ ನ್ಯೂರ್‌ಬರ್ಗ್‌ರಿಂಗ್ ಎಂಬ ಓಟದ ಹಾದಿಯುಂಟು, 1927ರಲ್ಲಿ ತೆರೆದದ್ದು. ಕಾಡುಗುಡ್ಡಗಳ ನಡುವೆ ಏರಿಳಿಯುವ ಅದರ ಉತ್ತರದ ಸುತ್ತು 20.8 ಕಿಲೋಮೀಟರು ಉದ್ದ. ಹೊಸಪೇಟೆಯಿಂದ ಹಂಪಿಗೆ ಹೋಗಿ ಮರಳುವಷ್ಟಿಲ್ಲ, ಆದರೆ ತಿರುವುಗಳು ಎಪ್ಪತ್ತಕ್ಕೂ ಮೇಲು. ಲೇಸರ್ ಕಿರಣಗಳಿಂದ ಆ ರಸ್ತೆಯ ಉಬ್ಬುತಗ್ಗುಗಳನ್ನೆಲ್ಲ ಅಳೆದು ಆಟದೊಳಕ್ಕೆ ಇಳಿಸಿದ್ದಾರೆ. ಟೈರಿನ ಕಾವು, ಗಾಳಿಯ ಒತ್ತಡ, ಕಾರಿನ ಭಾರ ಯಾವ ಗಾಲಿಯ ಮೇಲೆ ಎಷ್ಟು ಬಿದ್ದಿದೆ ಎಂಬುದೆಲ್ಲ ಕ್ಷಣಕ್ಷಣಕ್ಕೂ ಲೆಕ್ಕವಾಗುತ್ತಿರುತ್ತದೆ. ಸ್ಟೇರಿಂಗಿನೊಳಗೆ ಅಡಗಿಸಿದ ಸಣ್ಣ ಮೋಟಾರು ಆ ಲೆಕ್ಕವನ್ನು ಸೆಳೆತವಾಗಿ, ನಡುಕವಾಗಿ ಕೈಗೆ ಮುಟ್ಟಿಸುತ್ತದೆ.

ಮಗ ಆ ದಿನಗಳಲ್ಲಿ ತೊಡಗಿದ್ದು ಸೂಪರ್‌ಕಾರುಗಳ ತುಲನೆಯಲ್ಲಿ. 2013ರ ಸುಮಾರಿಗೆ ಮೂರು ಪ್ರಸಿದ್ಧ ಕಾರುಗಳು ಒಟ್ಟೊಟ್ಟಿಗೆ ಬಂದವು: ಪೋರ್ಷೆ 918, ಮೆಕ್ಲಾರೆನ್ ಪಿ1, ಲಾಫೆರಾರಿ. ಮೂರಕ್ಕೂ ಪೆಟ್ರೋಲು ಎಂಜಿನ್ನಿನ ಜೊತೆಗೆ ವಿದ್ಯುತ್ತಿನ ಬಲವಿದೆ. ಮೂರರದೂ ಒಂಬೈನೂರು ಅಶ್ವಶಕ್ತಿಯ ಆಸುಪಾಸು. ಕಾಗದದ ಮೇಲೆ ಅಣ್ಣತಮ್ಮಂದಿರು. ಹಾದಿಗಿಳಿದರೆ ಒಬ್ಬೊಬ್ಬರ ಗುಣವೇ ಬೇರೆ. ಪೋರ್ಷೆಯಲ್ಲಿ ಮುಂದಿನ ಗಾಲಿಗಳಿಗೂ ವಿದ್ಯುತ್ ಮೋಟಾರು ಇರುವುದರಿಂದ ತಿರುವು ಮುಗಿಯುವ ಮೊದಲೇ ಆಕ್ಸಿಲರೇಟರು ತುಳಿದರೂ ಅದು ಕೋಪಿಸಿಕೊಳ್ಳದು. 2013ರಲ್ಲಿ ನಿಜವಾದ ನ್ಯೂರ್‌ಬರ್ಗ್‌ರಿಂಗಿನ ಸುತ್ತನ್ನು 6 ನಿಮಿಷ 57 ಸೆಕೆಂಡುಗಳಲ್ಲಿ ಮುಗಿಸಿದ್ದು ಇದೇ ಕಾರು. ಪಿ1ರಲ್ಲಿ ಬಲವೆಲ್ಲ ಹಿಂದಿನ ಎರಡು ಗಾಲಿಗಳಿಗೇ. ತುಳಿತ ಕೊಂಚ ಅತಿಯಾದರೂ ಬಾಲ ಪಕ್ಕಕ್ಕೆ ಹೊರಳುತ್ತದೆ. ಲಾಫೆರಾರಿಗೂ ಹಿಂದಿನ ಗಾಲಿಗಳೇ ಆಧಾರ. ಆದರೆ ಅದರ ಹನ್ನೆರಡು ಸಿಲಿಂಡರುಗಳ ದೊಡ್ಡ ಎಂಜಿನ್ನು ತುಳಿದಷ್ಟಕ್ಕೆ ಸರಿಯಾಗಿ ಬಲ ಕೊಡುವುದರಿಂದ ಕಾಲಿಗೆ ಅಳತೆ ಸಿಕ್ಕುತ್ತದೆ.

ಇವನ್ನೆಲ್ಲ ಮಗ ಒಂದು ವಾರದಲ್ಲಿ ಪಳಗಿಸಿಕೊಂಡ. ಪಳಗದೆ ಉಳಿದದ್ದು 1987ರ ಫೆರಾರಿ ಎಫ್40. ಅದರ ಬಲ 478 ಅಶ್ವಶಕ್ತಿ ಮಾತ್ರ, ಹೊಸಬರ ಅರ್ಧದಷ್ಟು. ತೂಕವೋ ಸುಮಾರು 1,100 ಕಿಲೋ. ಪೋರ್ಷೆ 918ಕ್ಕಿಂತ ಐನೂರು ಕಿಲೋ ಹಗುರ. ಹಾಗಿದ್ದೂ ಪ್ರತಿ ಸುತ್ತಿನಲ್ಲಿ ಒಂದಲ್ಲ ಒಂದು ಕಡೆ ಅದು ಗಿರ್ರನೆ ತಿರುಗಿ ಬೇಲಿಗೆ ಬಡಿಯುತ್ತಿತ್ತು. ಕಾರಣ ಅದರ ಟರ್ಬೊ. ಹೊಗೆಯ ರಭಸದಿಂದಲೇ ತಿರುಗುವ ಈ ಯಂತ್ರ ಎಂಜಿನ್ನು ನಿಧಾನವಾಗಿದ್ದಾಗ ಮಲಗಿರುತ್ತದೆ. ಎಂಜಿನ್ನು ವೇಗ ಹಿಡಿದಾಗ ಎಚ್ಚೆತ್ತು ಒಮ್ಮೆಲೇ ನುಗ್ಗುತ್ತದೆ. ತುಳಿದವನಿಗೆ ಕೇಳಿದಾಗ ಸಿಗದ ಬಲ, ಕೇಳುವುದನ್ನು ಬಿಟ್ಟಾಗ ಬಂದು ಬೀಳುತ್ತದೆ. ಗಾಲಿಗೆ ಬೀಗ ಬೀಳದಂತೆ ಕಾಯುವ ಬ್ರೇಕಿನ ಏರ್ಪಾಡಾಗಲಿ ಸ್ಟೇರಿಂಗಿಗೆ ಯಂತ್ರದ ನೆರವಾಗಲಿ ಈ ಕಾರಿಗೆ ಇಲ್ಲ. ಹೊಸ ಕಾರುಗಳು ಚಾಲಕನ ತಪ್ಪನ್ನು ಎಷ್ಟರಮಟ್ಟಿಗೆ ನುಂಗಿಕೊಳ್ಳುತ್ತವೆ ಎಂಬುದು ಇದರ ಮೇಲೆ ಕುಳಿತಾಗಲೇ ತಿಳಿಯುವುದು.

ಒಂದು ಮಧ್ಯಾಹ್ನ ಐದನೆಯ ಸಲ ಕಾರು ಬೇಲಿಗೆ ಬಡಿದಾಗ ಮಂಚದ ಮೇಲಿಂದ ದನಿ ಬಂತು:

"ತಿರುವಿನಾಗ ಹೋದಮ್ಯಾಲೆ ಕಾಲ್ ಯಾಕ ತಗೀತಿಯೋ? ತೂಕ ಎಲ್ಲಾ ಮುಂದಕ್ಕ ಬಂತು, ಹಿಂದಿನ ಗಾಲಿ ಹಗುರಾತು. ಇನ್ನ ತಿರುಗದ ಏನ್ ಮಾಡತೈತಿ?"

"ಅಪ್ಪಾ, ನೀವು ಕಣ್ಣು ಮುಚ್ಚಿದ್ರಲ್ಲ!"

"ಎಂಜಿನ್ ಸಪ್ಪಳ ಕೇಳಸತೈತಲ್ಲ."

ತಂದೆ ಎದ್ದು ಬಂದರು. ಕುರ್ಚಿಯನ್ನು ಹಿಂದಕ್ಕೆ ಸರಿಸಿ ಕುಳಿತು, ಪೆಡಲುಗಳನ್ನು ಒಮ್ಮೊಮ್ಮೆ ತುಳಿದು ನೋಡಿ, ಎಫ್40ಯನ್ನೇ ಹೊರಡಿಸಿದರು. ತಿರುವು ಬರುವ ಎಷ್ಟೋ ಮೊದಲೇ ಬ್ರೇಕು, ಗೇರು ಇಳಿಕೆ, ಆಮೇಲೆ ಒಂದೇ ಹದದಲ್ಲಿ ಕಾಲು. ಅದಿರು ತುಂಬಿದ ಲಾರಿಯನ್ನು ಇಳಿಜಾರಿನಲ್ಲಿ ತರುವುದಕ್ಕೆ ಬೇರೆ ದಾರಿಯೂ ಇರಲಿಲ್ಲ. ಸುತ್ತು ಮುಗಿಯಲು ಹದಿನಾಲ್ಕು ನಿಮಿಷ ಹಿಡಿಯಿತು. ಮಗ ಒಂಬತ್ತರೊಳಗೆ ಮುಗಿಸಬಲ್ಲ, ಮುಗಿಸಿದ ದಿನ. ಆದರೆ ತಂದೆಯ ಕಾರು ಎಲ್ಲಿಯೂ ಬೇಲಿಯನ್ನು ಮುಟ್ಟಲಿಲ್ಲ.

ಅನಂತರ ಪಿ1ನ್ನು ಏರಿದರು. ಮೂರನೆಯ ತಿರುವಿನಲ್ಲೇ ಅದು ಅವರನ್ನು ಕೆಡವಿತು. ಅವರು ಸೊಂಟಕ್ಕೆ ಕೈಯಿಟ್ಟುಕೊಂಡು ಹೇಳಿದರು: "ಹಿಂದಿನ ಗಾಲಿ ಜಾರೋದು ಮೊದಲು ಇಲ್ಲಿಗೆ ತಿಳೀಬೇಕು. ಇದರಾಗ ಕಣ್ಣಿಗೆ ಕಾಣೋತನಕ ತಿಳಿಯೂದಿಲ್ಲ. ಅಷ್ಟೊತ್ತಿಗೆ ಮುಗಿದಿರತೈತಿ."

ಈ ಆಟದ ಕುಂದು ಇರುವುದು ಇಲ್ಲಿಯೇ. ಮುಂದಿನ ಗಾಲಿಯ ಸುದ್ದಿ ಸ್ಟೇರಿಂಗಿನ ಮೂಲಕ ಕೈಗೆ ಬರುತ್ತದೆ. ಹಿಂದಿನ ಗಾಲಿಯ ಸುದ್ದಿ ಆಸನದ ಮೂಲಕ ಬರಬೇಕು, ಊಟದ ಕುರ್ಚಿಯೋ ಅಲುಗದೆ ನಿಂತಿರುತ್ತದೆ. ಆದ್ದರಿಂದ ಬಾಲ ಹೊರಳಿಸುವ ಕಾರುಗಳು ಪರದೆಯ ಮೇಲೆ ತಮ್ಮ ನಿಜಗುಣಕ್ಕಿಂತ ತುಸು ಕ್ರೂರವಾಗಿ ಕಾಣುತ್ತವೆ, ನಾಲ್ಕೂ ಗಾಲಿಗಳಿಂದ ಎಳೆಯುವ 918 ತುಸು ಹೆಚ್ಚು ಸಾಧುವಾಗಿ. ಕಾರಿಗೂ ಕಾರಿಗೂ ಇರುವ ಅಂತರವನ್ನು ಆಟ ಪ್ರಾಮಾಣಿಕವಾಗಿ ತೋರಿಸುತ್ತದೆಂದು ಒಪ್ಪಬಹುದು. ರಸ್ತೆಗೂ ಪರದೆಗೂ ಇರುವ ಅಂತರವನ್ನು ಅದು ತೋರಿಸಲಾರದು. ಬೇಲಿಗೆ ಬಡಿದ ಎಫ್40 ಒಂದು ಗುಂಡಿ ಒತ್ತಿದೊಡನೆ ಹೊಸದಾಗಿ ನಿಲ್ಲುತ್ತದೆ. ಸಂಡೂರಿನ ದಾರಿಯಲ್ಲಿ ಅಂಥ ಗುಂಡಿಯಿಲ್ಲವೆಂಬುದನ್ನು ಮಗನಿಗೆ ಯಾರೂ ಬಿಡಿಸಿ ಹೇಳಲಿಲ್ಲ. ತಂದೆಯಂತೂ ಹೇಳುವ ಸ್ವಭಾವದವರಲ್ಲ.

ಅವರು ಕೇಳಿದ್ದು ಒಂದೇ: "ಟೈರಿಗೆ ಗಾಳಿ ಎಷ್ಟೈತಿ?"

ಮಗ ತಬ್ಬಿಬ್ಬಾದ. ಇಷ್ಟು ದಿನ ಓಡಿಸಿದರೂ ಆ ಪುಟವನ್ನು ಅವನು ತೆರೆದು ನೋಡಿರಲಿಲ್ಲ. ನೋಡಿದರೆ ನಾಲ್ಕು ಗಾಲಿಗಳಿಗೂ ಬೇರೆ ಬೇರೆಯಾಗಿ ಒತ್ತಡವನ್ನು ಬರೆದಿತ್ತು. ಓಡಿದಂತೆ ಟೈರು ಕಾಯುತ್ತದೆ, ಕಾದಂತೆ ಗಾಳಿಯ ಒತ್ತಡ ಏರುತ್ತದೆ, ಅತಿಯಾಗಿ ಏರಿದರೆ ಹಿಡಿತ ಇಳಿಯುತ್ತದೆ. ತಂದೆಯ ಸಲಹೆಯಂತೆ ಹಿಂದಿನ ಎರಡಕ್ಕೆ ಸ್ವಲ್ಪ ಗಾಳಿ ಇಳಿಸಿದ. ಆ ಸಂಜೆ ಎಫ್40 ಮೂರು ಸುತ್ತು ಬೇಲಿ ಮುಟ್ಟದೆ ಓಡಿತು. ಗಾಳಿಯಿಂದಲೋ, ಓಡಿಸಿದವನ ಕಾಲಿನಿಂದಲೋ ಹೇಳುವುದು ಕಷ್ಟ.

ರಾತ್ರಿ ಊಟಕ್ಕೆ ಕುಳಿತಾಗ, ಸ್ಟೇರಿಂಗನ್ನು ಮೇಜಿನಿಂದ ಬಿಚ್ಚಿಟ್ಟ ಮೇಲೆ, ತಂದೆ ರೊಟ್ಟಿ ಮುರಿಯುತ್ತ ಅಂದರು: "ಆಯತವಾರ ಮುಂಜಾನೆ ಐದೂವರೆಗೆ ಹೊರಡೂನು. ನೀನು ಹೊಡಿ. ನಾ ಪಕ್ಕದಾಗ ಕುಂದರತೀನಿ. ಗೆಳ್ಯಾರು ಮುಂದಿನ ಸಲ."

ಮಗ ಕೈ ತೊಳೆದು, ಬ್ಯಾಟರಿ ಹಿಡಿದು ಅಂಗಳಕ್ಕಿಳಿದ. ಹಳೆಯ ಕಾರಿನ ಗಾಲಿಗಳನ್ನು ಒಂದೊಂದಾಗಿ ತಟ್ಟಿ ನೋಡಿದ. ಹಿಂದಿನ ಎಡಗಾಲಿಯಲ್ಲಿ ಗಾಳಿ ಕಡಿಮೆಯಾಗಿತ್ತು.