ವಿಜ್ಞಾನ ಅಂಕಣ: ನೀರಿನಡಿ ಉಸಿರು ಬಿಗಿಹಿಡಿಯಬೇಡಿ



ಪ್ರೆಶರ್, ವಾಲ್ಯೂಮ್ ಎಂದು ನೀವು ಶಾಲೆಯಲ್ಲಿ ಉರುಹೊಡೆದ ಪಾಠವನ್ನು ಈ ಸಲ ಕನ್ನಡದಲ್ಲಿ ನೋಡೋಣ. ಪ್ರೆಶರ್ ಎಂದರೆ ಒತ್ತಡ, ವಾಲ್ಯೂಮ್ ಎಂದರೆ ಗಾತ್ರ. ಸೈಕಲ್ ಪಂಪಿನ ಬಾಯನ್ನು ಹೆಬ್ಬೆರಳಿನಿಂದ ಭದ್ರವಾಗಿ ಮುಚ್ಚಿ ಹಿಡಿಯನ್ನು ತಳ್ಳಿ ನೋಡಿ. ಮೊದಲು ಸಲೀಸು. ಒಳಗಿನ ಗಾಳಿ ಕುಗ್ಗಿದಷ್ಟೂ ಅದು ನಿಮ್ಮನ್ನೇ ತಿರುಗಿ ಒತ್ತುತ್ತದೆ.

ಇದನ್ನು ಅಳೆದು ಪ್ರಕಟಿಸಿದವನು ಐರ್ಲೆಂಡಿನಲ್ಲಿ ಹುಟ್ಟಿದ ರಾಬರ್ಟ್ ಬಾಯ್ಲ್. ‘ಜೆ’ ಅಕ್ಷರದಂತೆ ಬಾಗಿದ ಗಾಜಿನ ಕೊಳವೆಯ ಮುಚ್ಚಿದ ತುದಿಯಲ್ಲಿ ಗಾಳಿಯನ್ನು ಸೆರೆಹಿಡಿದು, ತೆರೆದ ತುದಿಯಿಂದ ಪಾದರಸ ಸುರಿಯುತ್ತಾ ಹೋದ. ಎರಡು ಬದಿಯ ಪಾದರಸದ ಮಟ್ಟಗಳಲ್ಲಿ ಸುಮಾರು 29 ಇಂಚು ಅಂತರವಾದಾಗ ಗಾಳಿ ಅರ್ಧಕ್ಕೆ ಕುಗ್ಗಿತ್ತು. ಅಷ್ಟು ಪಾದರಸದ ಒತ್ತಡ ಹೆಚ್ಚುಕಡಿಮೆ ವಾಯುಮಂಡಲದ ಒತ್ತಡಕ್ಕೆ ಸಮ. ಅಂದರೆ ಒತ್ತಡ ಇಮ್ಮಡಿಯಾದರೆ ಗಾತ್ರ ಅರ್ಧ. 1662ರಲ್ಲಿ ಪ್ರಕಟವಾದ ಇದೇ ಬಾಯ್ಲನ ನಿಯಮ: ಉಷ್ಣತೆ ಬದಲಾಗದಿದ್ದರೆ, ಗೊತ್ತಾದ ಪ್ರಮಾಣದ ಅನಿಲದ ಒತ್ತಡ ಮತ್ತು ಗಾತ್ರಗಳ ಗುಣಲಬ್ಧ ಸ್ಥಿರ.

ಪರೀಕ್ಷೆ ಮುಗಿದ ಮೇಲೆ ಇದರಿಂದೇನು ಎನ್ನುವಿರಾ? ರಜೆಯಲ್ಲಿ ಊರಿಗೆ ಹೋದಾಗ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಮಾಡುವ ಆಸೆ ನಿಮ್ಮಲ್ಲಿ ಹಲವರಿಗಿರಬಹುದು. ಸಮುದ್ರದಲ್ಲಿ 10 ಮೀಟರ್ ಇಳಿದರೆ ಒತ್ತಡ ಮೇಲಿರುವುದರ ಸುಮಾರು ಎರಡರಷ್ಟು, 20 ಮೀಟರಿನಲ್ಲಿ ಮೂರರಷ್ಟು, 30ರಲ್ಲಿ ನಾಲ್ಕರಷ್ಟು. ಬೆನ್ನಿನ ಸಿಲಿಂಡರಿನ ಗಾಳಿ ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿ ಬಾಯಿಗೆ ಬರುತ್ತದೆ. 10 ಮೀಟರ್ ಆಳದಲ್ಲಿ ಎದೆ ತುಂಬ ಉಸಿರೆಳೆದು, ಬಿಗಿಹಿಡಿದು ಮೇಲೇರಿದಿರೋ, ಆ ಗಾಳಿ ಇಮ್ಮಡಿ ಜಾಗ ಕೇಳುತ್ತದೆ. ದೇಹದೊಳಗಿನ ಉಷ್ಣತೆ ಹೆಚ್ಚುಕಡಿಮೆ ಒಂದೇ ಇರುವುದರಿಂದ ಬಾಯ್ಲನ ಲೆಕ್ಕ ತಪ್ಪುವುದಿಲ್ಲ. ಶ್ವಾಸಕೋಶ ಅಷ್ಟು ಹಿಗ್ಗಲಾರದು, ಹರಿಯಬಹುದು. ಗಾಳಿಯ ಗುಳ್ಳೆಗಳು ರಕ್ತ ಸೇರಿ ಮಿದುಳಿಗೆ ಹೋದರೆ ಜೀವಕ್ಕೇ ಅಪಾಯ.

ಆಳ ಹೆಚ್ಚಿದಷ್ಟೂ ಅಪಾಯ ಎಂದು ಎಲ್ಲರೂ ಎಣಿಸುತ್ತಾರೆ. ಇಲ್ಲಿ ಲೆಕ್ಕ ತಿರುಗುಮುರುಗು. 30ರಿಂದ 20 ಮೀಟರಿಗೆ ಏರುವಾಗ ಗಾಳಿಯ ಗಾತ್ರ ಮೂರನೇ ಒಂದರಷ್ಟು ಹೆಚ್ಚುತ್ತದೆ. ಕೊನೆಯ 10 ಮೀಟರಿನಲ್ಲಿ ಇಮ್ಮಡಿಸುತ್ತದೆ. ತುಂಬಿದ ಶ್ವಾಸಕೋಶಕ್ಕೆ ಒಂದೆರಡು ಮೀಟರಿನ ಏರಿಕೆಯೂ ಕೇಡು ಮಾಡೀತು. ಆದ್ದರಿಂದ ಈಜುಕೊಳದ ತರಬೇತಿಯಲ್ಲೂ ಈ ಎಚ್ಚರ ಬೇಕು.

ಹಾಗಾದರೆ ಊರ ಬಾವಿಯಲ್ಲಿ ಉಸಿರು ಕಟ್ಟಿ ಮುಳುಗಿ ಏಳುವ ನಿಮ್ಮ ಸೋದರಮಾವನ ಶ್ವಾಸಕೋಶ ಏಕೆ ಹರಿಯುವುದಿಲ್ಲ? ಅವರು ಗಾಳಿ ತುಂಬಿಕೊಂಡದ್ದು ದಂಡೆಯಲ್ಲಿ. ಅದು ಇಳಿಯುವಾಗ ಕುಗ್ಗಿ, ಏರುವಾಗ ಮೊದಲಿನ ಗಾತ್ರಕ್ಕಷ್ಟೇ ಮರಳುತ್ತದೆ.

ಸಿಲಿಂಡರ್ ಹೊತ್ತವರಿಗೆ ಮಾತ್ರ ಮೊದಲ ಪಾಠ ಒಂದೇ: ಉಸಿರಾಡುತ್ತಲೇ ಇರಿ, ನಿಧಾನವಾಗಿ ಮೇಲೇರಿ.